ಮಲ್ಲಿಗೆ ಮಾರ್ಷ್‌ಮ್ಯಾಲೋ

ಮಾರ್ಷ್‌ಮ್ಯಾಲೋ ಅಂದರೆ ಹತ್ತಿಯಂತೆ ಮೆತ್ತಗಿರುವ ಮಿಠಾಯಿ. ಮಲ್ಲಿಗೆ ನೆನೆಸಿದ ನೀರು ಹಾಕಿ ಮನೆಯಲ್ಲೇ ಮಾಡಿ, ಬಂಗಾರಪೇಟೆಯ ಬೇಕರಿಯೊಂದಕ್ಕೆ ತೋರಿಸೋಣ ಅಂತ ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ಮಿಠಾಯಿ ಅಂಟಿಕೊಂಡಿದೆಯಾ ಅಂತ ಡಬ್ಬಿ ತೆರೆದು ನೋಡಿದೆ, ಅಷ್ಟೇ. ಎದುರಿಗೆ ಕೂತಿದ್ದ ಅಜ್ಜಿ ಬಲಗೈ ಚಾಚಿದರು. ಕೊಡದೆ ಇರೋಕಾಗುತ್ತಾ? ಒಂದು ಕೊಟ್ಟೆ. ಕಣ್ಣಿಗೊತ್ತಿಕೊಂಡು ಕೇಳಿದರು, "ಯಾವ ಗುಡೀದಮ್ಮ?"

"ಗುಡೀದಲ್ಲಜ್ಜಿ, ಮಾರೋಕೆ ಮಾಡಿದ್ದು."

"ಊವಿನ ವಾಸ್ನೆ ಬತ್ತಾ ಐತೆ, ಪ್ರಸಾದ ಅಲ್ದೆ ಇನ್ನೇನು? ಪ್ರಸಾದ ಮಾರ್ಬಾರ್ದಮ್ಮ."

ಅಷ್ಟರಲ್ಲಿ ಸುತ್ತಲಿನವರೂ ಬಲಗೈ ಚಾಚಿದ್ದರು. ಯಾರಿಗೆ ಏನಂತ ಹೇಳಲಿ? ಬಂಗಾರಪೇಟೆಯಲ್ಲಿ ಇಳಿದಾಗ ಉಳಿದಿದ್ದು ಒಂದೇ.

ಅದನ್ನೇ ಬೇಕರಿಯವರ ಮುಂದೆ ಹಿಡಿದೆ. ಮಲ್ಲಿಗೆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವರು ಕಾಲಿನ ಚಪ್ಪಲಿ ಕಳಚಿದರು.

ಈಗ ನಾನು ರೇಟು ಹೇಳಲೋ, ತೀರ್ಥ ಕೊಡಲೋ?