ಬಜ್ಪೆಗೆ ವಿಮಾನ ತಂದ ಅಂಕಲ್

ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧವನ್ನು ಗಲ್ಫಿನಲ್ಲಿ ಯಾವುದೋ ವಿಮಾನದ ಬಾಗಿಲು ತಿಂದಿತ್ತಂತೆ. ಆ ಬೆರಳಿನಿಂದ ಸದಾ ಮೇಜು ಕುಟ್ಟುತ್ತಿದ್ದರು. ಸುಮ್ಮನೆ ಕೂರುವುದು ಅವರಿಂದಾಗದು.

ನಾನು ಮಣಿಪಾಲದ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಕ್ಕೆ ಸೇರಿದ ಹೊಸತು. ಕಲ್ಯಾಣಪುರದ ಈ ಅಂಕಲ್ ಮೂವತ್ತು ವರ್ಷ ದುಬೈಯಲ್ಲಿ ವಿಮಾನ ರಿಪೇರಿ ಮಾಡಿದವರು, ಹಾರಿಸಿದವರಲ್ಲ. ಹಾರಿಸುವ ಆಸೆಯನ್ನು ಮನೆಯ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ, ಅಂದರೆ ನಿಜದಂತೆಯೇ ವಿಮಾನ ಹಾರಿಸಬಹುದಾದ ಪ್ರೋಗ್ರಾಮಿನಲ್ಲಿ, ತೀರಿಸಿಕೊಳ್ಳಲು ಹೊರಟಿದ್ದರು. ದುಬೈಯಿಂದ ನಮ್ಮೂರ ಕಡೆಯ ಬಜ್ಪೆ ವಿಮಾನ ನಿಲ್ದಾಣಕ್ಕೆ, ಒಮ್ಮೆಯಾದರೂ ತಾವೇ ಹಾರಿಸಿಕೊಂಡು.

ಸಿಮ್ಯುಲೇಟರ್ ನಿಧಾನ ಎಂದು ಕರೆಸಿದರು. ವೇಗವಾಗಲೆಂದು ಅದೂ ಇದೂ ಬದಲಿಸಿ ಬಂದೆ. ಮುಂದಿನ ವಾರ ಫೋನ್: "ವೇಗ ಉಂಟು. ಆದರೆ ಎರಡೂವರೆ ಗಂಟೆ ಹಾರಿದ ಮೇಲೆ ಸಮುದ್ರದ ನಡುವೆ ಎಲ್ಲ ಬಂದ್! ಬೇಗ ಬಾ ಮಾರಾಯ್ತಿ. ಗ್ಲಾಕೋಮಾ ನನ್ನ ಕಣ್ಣು ತಿನ್ತಾ ಉಂಟು."

ಸಣ್ಣ ಹಾರಾಟದಲ್ಲಿ ತೊಂದರೆಯೇ ಇಲ್ಲ. ಹಾಗಾಗಿ ಪ್ರತಿ ಸಲ ಗಂಟೆಗಟ್ಟಲೆ ಹಾರಿಸಿಯೇ ನೋಡಬೇಕು; ಒಂದೊಂದು ಪರೀಕ್ಷೆಗೂ ನನ್ನ ರಜೆಯ ಒಂದೊಂದು ಭಾನುವಾರ ಬೇಕಾಯಿತು.

"ಒಂದು ಸಲಕ್ಕೆ ಒಂದೇ ಬದಲಿಸು. ಎರಡು ಮುಟ್ಟಿದರೆ ಯಾವುದು ಗುಣ ಮಾಡಿತು ಅಂತ ಹೇಗೆ ಗೊತ್ತಾಗುವುದು?" ಎನ್ನುತ್ತಿದ್ದರು ಅಂಕಲ್.

ಹವಾಮಾನ ತೋರಿಸುವ ಪ್ರೋಗ್ರಾಂ ತೆಗೆದೆವು. ಆದರೂ ನಡುದಾರಿಯಲ್ಲಿ ನಿಂತಿತು. ಪರದೆಯ ಚಿತ್ರ ನಡೆಸುವ ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆವು. ಮತ್ತೆ ನಿಂತಿತು. ಅಂಕಲ್ ಅಂಗಳಕ್ಕೂ ಕೋಣೆಗೂ ಅಲೆಯುತ್ತಿದ್ದರು. "ನೀವು ನಡೆದರೆ ವಿಮಾನ ಬೇಗ ಬರ್ತದಾ?" ಎಂದು ಆಂಟಿ ಒಳಗಿನಿಂದ ಗದರುತ್ತಿದ್ದರು.

ನಾಲ್ಕನೇ ಭಾನುವಾರ ಕಂಪ್ಯೂಟರಿನ ಮೆಮೊರಿಯನ್ನೇ ನೋಡುತ್ತ ಕೂತೆ. ಅದು ಸ್ವಲ್ಪಸ್ವಲ್ಪವೇ ತುಂಬುತ್ತ ಹೋಗಿ, ಪೂರ್ತಿ ತುಂಬಿದ ಕ್ಷಣ ಸಿಮ್ಯುಲೇಟರ್ ಮುಚ್ಚಿಕೊಂಡಿತು. ಆಗ ನೆನಪಾಯಿತು. ಮೆಮೊರಿ ಸಾಲದಾದಾಗ ಡಿಸ್ಕಿನ ಜಾಗ ಬಳಸಿಕೊಳ್ಳುವ ವ್ಯವಸ್ಥೆಯನ್ನು ವೇಗವಾಗಲೆಂದು ಮೊದಲ ದಿನ ನಾನೇ ನಿಲ್ಲಿಸಿದ್ದೆ. ಅವರಿಗೆ ಹೇಳಿರಲಿಲ್ಲ, ನನಗೂ ಮರೆತಿತ್ತು.

ಅಂಕಲ್ ಅಂಗಳದಲ್ಲಿದ್ದರು. ಸದ್ದಿಲ್ಲದೆ ಸರಿಪಡಿಸಿಬಿಡಬಹುದಿತ್ತು. ಮೌಸ್ ಮೇಲೆ ಕೈಯನ್ನೂ ಇಟ್ಟೆ.

"ಎಂತ ಆಯ್ತು?" ಅವರು ಬಾಗಿಲಲ್ಲಿ ನಿಂತಿದ್ದರು.

"ತಪ್ಪು ನನ್ನದೇ ಅಂಕಲ್," ಎಂದು ಎಲ್ಲ ಹೇಳಿದೆ.

"ನಾಲ್ಕು ಭಾನುವಾರ," ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದರು. ಆ ಕಣ್ಣುಗಳಿಗೆ ಇನ್ನೆಷ್ಟು ಭಾನುವಾರ ಉಳಿದಿದ್ದವೋ.

ಅಲ್ಲಿಂದಲೇ ಹೇಳಿದರು: "ನಾನೊಮ್ಮೆ ಎಂಜಿನ್ ಒಳಗೆ ಸ್ಪ್ಯಾನರ್ ಮರೆತು ಬಿಟ್ಟಿದ್ದೆ. ವಿಮಾನ ಹೊರಡಲಿಕ್ಕೆ ತಯಾರು. ಓಡಿಹೋಗಿ ಹೇಳಿ ನಿಲ್ಲಿಸಿದೆ. ನನ್ನ ಪ್ರಮೋಷನ್ ಹೋಯಿತು. ಆದರೆ ಅದರಲ್ಲಿದ್ದವರೆಲ್ಲ ಮನೆ ಸೇರಿದರಲ್ವಾ?" ಆಮೇಲೆ ನನ್ನತ್ತ ತಿರುಗಿದರು. "ಹೂಂ, ಸರಿಮಾಡು. ಇನ್ನೊಮ್ಮೆ ಹೊರಡುವ."

ಮರುವಾರ ವಿಮಾನ ಸಮುದ್ರ ದಾಟಿತು. ಪರದೆಯ ಸಣ್ಣ ಅಂಕಿಗಳು ಅವರಿಗೆ ಕಾಣುತ್ತಿರಲಿಲ್ಲ. ಎತ್ತರವನ್ನು ನಾನು ಕೂಗಿ ಓದಿದೆ. ಬಜ್ಪೆಯಲ್ಲಿ ಚಕ್ರ ನೆಲ ಮುಟ್ಟಿತು, ವಿಮಾನ ಒಂದಿಷ್ಟು ಹುಲ್ಲಿಗೆ ಹೊರಳಿ ನಿಂತಿತು. "ಬಂದು ಮುಟ್ಟಿದೆವು," ಎಂದು ಅಂಕಲ್ ಆಂಟಿಯನ್ನು ಕೂಗಿ ಕರೆದರು.

ವರ್ಷದೊಳಗೆ ದೃಷ್ಟಿ ಪೂರ್ತಿ ಹೋಯಿತು. ಕಳೆದ ವರ್ಷ ಅವರೂ ಹೋದರು.

ಮೊನ್ನೆ ಕಾಪುವಿನ ಫೋಟೋ ಸ್ಟುಡಿಯೋ ಒಂದರ ಕಂಪ್ಯೂಟರ್ ರಿಪೇರಿ ಮಾಡುವಾಗ ನನ್ನ ಕೈತಪ್ಪಿನಿಂದ ಒಂದು ಮದುವೆಯ ಫೋಟೋಗಳೆಲ್ಲ ಅಳಿಸಿಹೋದವು. ಮಾಲೀಕರಿಗೆ ಇನ್ನೂ ಗೊತ್ತಾಗಿರಲಿಲ್ಲ. ನಾನೇ ಹೋಗಿ ಹೇಳಿದೆ. ಅವರು ಬಾಯಿಗೆ ಬಂದಂತೆ ಬೈದರು. ಬೈಗುಳ ಮುಗಿಯುವವರೆಗೆ ನಿಂತಿದ್ದು, ಆಮೇಲೆ ಆ ಫೋಟೋಗಳನ್ನು ಡಿಸ್ಕಿನಿಂದ ಮರಳಿ ಪಡೆಯಲು ಕೂತೆ.