ಹೂವಿನ ಮುನಿಯಮ್ಮನ ಪಟ

ಯುಗಾದಿ ಕಳೆದ ಭಾನುವಾರ, ಬೆಳಗ್ಗೆ ಏಳೂವರೆ. ಕೋಲಾರದ ನಮ್ಮ ಮನೆಯ ನಡುಮನೆಯಲ್ಲಿ ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ತಂಗಿಯ ಮಗಳು ಸುಮ. ಕೆಲಸ, ಹಳೆಯ ಟ್ರಂಕು ಖಾಲಿ ಮಾಡುವುದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ಭಾನುವಾರಕ್ಕೂ ಒಂದು ಡ್ಯೂಟಿ ಹಾಕಿಕೊಳ್ಳದಿದ್ದರೆ ತಿಂದದ್ದು ಅರಗುವುದಿಲ್ಲ. ಟ್ರಂಕಿನ ತಳದಲ್ಲಿ ಬೆಡ್‌ಶೀಟು ಸುತ್ತಿದ ಒಂದು ತಗಡು ಇತ್ತು. ಸುಮ ಬಿಚ್ಚಿದಳು. ಇಷ್ಟು ವರ್ಷದ ಮೇಲೂ ಎನಾಮಲ್ ಬಣ್ಣದ ವಾಸನೆ ಬಂತೆಂದರೆ ನೀವು ನಂಬಲಾರಿರಿ. ನನಗಂತೂ ಬಂತು.

"ದೊಡ್ಡಮ್ಮ, ಇದು ನೀವಾ?"

"ಅದಿರಲಿ, ಮೊದಲು ಸೀರೆಗಳನ್ನ ಬಿಸಿಲಿಗೆ ಹಾಕು" ಎಂದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನಲ್ಲಿದ್ದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನರಸಿಂಹಯ್ಯನವರು ಒಂದು ಚಿತ್ರಶಾಲೆ ಇಟ್ಟಿದ್ದರು. ಮೊದಲು ಅದು ರೇಷ್ಮೆಗೂಡು ತುಂಬುತ್ತಿದ್ದ ಗೋಡೌನು. ಮಳೆ ಬಂದರೆ ಸಾಕು, ಗೋಡೆಗಳಿಗೆ ಹಳೆಯ ಕಸುಬು ನೆನಪಾಗಿ ಗಬ್ಬೆನ್ನುತ್ತಿದ್ದವು. ಸುತ್ತಲಿನ ಊರುಗಳವರು ಬರೆದದ್ದು, ಹೆಣೆದದ್ದು, ಮಣ್ಣಿನಲ್ಲಿ ಮಾಡಿದ್ದು ಅಲ್ಲಿ ಮಾರಾಟಕ್ಕಿರುತ್ತಿತ್ತು. ಬಂದವರಲ್ಲಿ ಹೆಚ್ಚಿನವರು ಬಸ್ಸು ಕಾಯುವವರು. ಫ್ಯಾನಿನ ಕೆಳಗೆ ನಿಂತು, "ಇದ್ರಾಗೆ ದೇವ್ರು ಯಾವ್ದು ಸಾಮೀ?" ಎಂದು ಕೇಳಿ, ಇಲ್ಲವೆಂದರೆ ಹೊರಟುಬಿಡುತ್ತಿದ್ದರು.

ಹಿಂಬದಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಡ್ಯೂಟಿ ಮುಗಿದ ಮೇಲೆ ಸಂಜೆ ಪಟಗಳ ಧೂಳು ಹೊಡೆಯುವುದು ನಾನೇ ವಹಿಸಿಕೊಂಡ ಕೆಲಸ. ಚಿತ್ರಕಲೆಯ ವಿಷಯದಲ್ಲಿ ನನ್ನ ಜ್ಞಾನ ಇಷ್ಟೇ: ಚೌಕಟ್ಟು ಸೊಟ್ಟಗಿರಬಾರದು.

ಖಾದರ್ ಪರಿಚಯವಾದದ್ದು ಅಲ್ಲಿಯೇ. ನಂಗಲಿಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವನು. ಹಿಂಬಾಗಿಲಿನ ಮೇಲೆ ಕಮಲ, ಗಿಳಿ, ಹಿಮದ ಬೆಟ್ಟ. ಮೇಷ್ಟ್ರು ಅವನ ಕೈಗೆ ತಗಡು ಕೊಟ್ಟು, "ಮನುಷ್ಯರನ್ನ ಬರಿ" ಎಂದರು. ಅವನು ಚಿತ್ರಶಾಲೆಯ ಮೆಟ್ಟಿಲ ಮೇಲೆ ಹೂ ಮಾರುವ ಮುನಿಯಮ್ಮನನ್ನು ಬರೆದ. ಹೊಗೆಸೊಪ್ಪಿನ ಕಡ್ಡಿಪುಡಿ ತುಂಬಿ ಉಬ್ಬಿದ ಒಂದು ಕೆನ್ನೆ, ದೊಡ್ಡ ಕುಂಕುಮ, ಸುತ್ತ ಲಾರಿಗೆ ಹಾಕುವ ಹಳದಿ ಕೆಂಪು ಅಂಚು. ಕೋಲಾರದ ಒಬ್ಬ ಅಧಿಕಾರಿ ಅದನ್ನು ನೋಡಿ, ಬರುವ ಭಾನುವಾರ ಬಂದು ಕೊಳ್ಳುತ್ತೇನೆ ಎಂದರು. ಖಾದರ್ ಬರೆದದ್ದನ್ನು ಗೋಡೆಗೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಅವನು ಆ ವಾರವೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಓಡಾಡಿದ.

ಅದೇ ವಾರ ಮುನಿಯಮ್ಮ ಜ್ವರ, ಕೆಮ್ಮು ಎಂದು ನನ್ನ ವಾರ್ಡಿಗೆ ಸೇರಿದಳು. ಮೆಟ್ಟಿಲು ಖಾಲಿಯಾಯಿತು. ಮೇಷ್ಟ್ರು ಪಾಪ, ಪಟ ಚೆನ್ನಾಗಿ ಕಾಣಲೆಂದು ಬೀದಿಗೆ ಮುಖ ಮಾಡಿ ತೂಗುಹಾಕಿ, ಮಗಳ ಮನೆಗೆ ಶ್ರೀನಿವಾಸಪುರಕ್ಕೆ ಹೊರಟುಹೋದರು. ನಮ್ಮ ಕಡೆಯ ಮನೆಗಳನ್ನು ನೀವು ಕಂಡಿದ್ದರೆ ಮುಂದಿನದನ್ನು ಊಹಿಸಬಲ್ಲಿರಿ. ಒಬ್ಬರ ಮುಖವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೇರಿಸುವುದು ಆ ಮುಖ ಇನ್ನು ಬಾಗಿಲಿಗೆ ಬರುವುದಿಲ್ಲ ಎಂದಾದಾಗ ಮಾತ್ರ. ಯಾರೋ ಪುಣ್ಯಾತ್ಮರು ಒಂದು ಹಾರ ಹಾಕಿದರು. ಇನ್ನೊಬ್ಬರು ಊದುಬತ್ತಿ ಸಿಕ್ಕಿಸಿದರು. ಸುದ್ದಿ ಬಸ್ಸು ಹತ್ತಿ ರಾಯಲ್ಪಾಡಿನಲ್ಲಿದ್ದ ಮುನಿಯಮ್ಮನ ಮಗಳನ್ನು ಮುಟ್ಟಿತು.

ಸಂಜೆ ನಾನು ಬರುವಷ್ಟರಲ್ಲಿ ಬೀದಿಯಲ್ಲಿ ಜನ. ಮಗಳು ಪಟದ ಮುಂದೆ, ನನ್ನ ಬಿಟ್ಟು ಹೋದೆಯಾ ಎಂದು ತೆಲುಗಿನಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. "ಅಮ್ಮಾ, ನನ್ನು ವಿಡಿಚಿ ಪೋಯಿನಾವಾ!"

"ಎಲ್ಲಿಗೂ ಹೋಗಿಲ್ಲ. ಈಗ ತಾನೇ ಗಂಜಿ ಕುಡಿದು, ಉಪ್ಪಿಲ್ಲ ಅಂತ ನನ್ನ ಬೈದಿದಾಳೆ" ಎಂದೆ. ಸತ್ತವರ ಸುದ್ದಿ ಹೇಳಿ ಅಭ್ಯಾಸವಿದ್ದ ಬಾಯಿಗೆ ಬದುಕಿದವರ ಸುದ್ದಿ ಹೇಳುವುದು ಅಷ್ಟು ಚೆನ್ನಾಗಿ ಬರಲಿಲ್ಲ. ಯಾರೂ ನಂಬಲಿಲ್ಲ. ಮರುದಿನ ಡಿಸ್ಚಾರ್ಜ್ ಆಗಿ ಮುನಿಯಮ್ಮನೇ ನಡೆದು ಬಂದಾಗ ಒಬ್ಬ ಮುದುಕ ಚಪ್ಪಲಿ ಬಿಟ್ಟು ಓಡಿದ.

ಅವಳು ಪಟ ನೋಡಲಿಲ್ಲ. ಹಾರವನ್ನು ಬೆರಳಿನಿಂದ ಎತ್ತಿ ನೋಡಿದಳು. "ಯಾವಳೇ ಇದನ್ನ ಕಟ್ಟಿದ್ದು? ಇಷ್ಟು ಸಡ್ಲ! ನಾನು ಸತ್ರೆ ನಂಗಿಂಥಾ ಹಾರ ಹಾಕ್ತೀರಾ?"

ಮಗಳಿಗೆ ನಗು ಬರಲಿಲ್ಲ. "ಇದು ಅಪಶಕುನ. ಕಿತ್ತಾಕ್ರಿ ಅದನ್ನ" ಎಂದು ಹಟ ಹಿಡಿದಳು. ಖಾದರ್ ಗೋಡೆಗೊರಗಿ ನಿಂತಿದ್ದ. ಊರಿನಿಂದ ಮರಳಿದ್ದ ಮೇಷ್ಟ್ರು, "ಪಟದಲ್ಲಿರೋರು ಹೇಳಿದ ಹಾಗೆ" ಎಂದರು. ಎಲ್ಲರೂ ಮುನಿಯಮ್ಮನ ಕಡೆ ನೋಡಿದರು.

"ಇರ್ಲಿ ಬಿಡೇ. ನಾನು ಇದ್ರ ಕೆಳಗೇ ಕೂತ್ಕೊಂತೀನಿ. ಮೇಲೊಬ್ಳು, ಕೆಳಗೊಬ್ಳು. ಯಾವಳು ಬದುಕವ್ಳೆ ಅಂತ ನೋಡ್ಕೊಳ್ಲಿ" ಎಂದಳು.

ಹಾಗೆಯೇ ಕುಳಿತಳು. ಜನ ಮೇಲೆ ನೋಡಿ, ಕೆಳಗೆ ನೋಡಿ, ಸಂಕೋಚಕ್ಕೆ ಒಂದು ಮೊಳ ಹೂ ಕೊಂಡು ಹೋಗುತ್ತಿದ್ದರು. ಆದರೆ ಭಾನುವಾರ ಅಧಿಕಾರಿ ಬಂದಾಗ ಮೆಟ್ಟಿಲ ಮೇಲೆ ಬುಟ್ಟಿ ಅಡ್ಡ ಇಟ್ಟಳು. "ಸಾಮಿ, ಇಲ್ಲಾದ್ರೆ ನಾನಿದೀನಿ. ನಿಮ್ಮನೇಗ್ ಬಂದೋರು ಹಾರ ಹಾಕಿದ್ರೆ, ನಾ ಬದುಕಿದೀನಿ ಅಂತ ಹೇಳಾಕೆ ಅಲ್ಲಿ ಯಾರವ್ರೆ?"

ಅಧಿಕಾರಿ ನಕ್ಕರು. ಮೇಷ್ಟ್ರು ಖಾದರ್ ಮುಖ ನೋಡಿದರು. ಅವನು ಪಟದ ಅಂಚನ್ನೊಮ್ಮೆ ತೋಳಿನಿಂದ ಒರೆಸಿದ. "ಬಿಡಿ ಮೇಷ್ಟ್ರೇ. ನಾನು ಬರ್ದಿದ್ದೆಲ್ಲಾ ನಾಗಪುರಕ್ಕೋ ಕಲ್ಕತ್ತಾಕ್ಕೋ ಹೋಗ್ಬಿಡ್ತದೆ. ಒಂದಾದ್ರೂ ಕಣ್ಮುಂದೆ ಇರ್ಲಿ" ಎಂದ. ತಲೆಗೆ ಹಚ್ಚಿದ್ದ ಎಣ್ಣೆ ಬೆವರಿಗೆ ಹಣೆಗೆ ಇಳಿದಿತ್ತು.

ಎಂಬತ್ತರ ದಶಕದ ನಡುವೆ ಮುನಿಯಮ್ಮ ನಿಜವಾಗಿಯೂ ತೀರಿಕೊಂಡಳು. ಕಿತ್ತುಹಾಕಿ ಎಂದಿದ್ದ ಮಗಳೇ ಪಟ ಕೇಳಿಕೊಂಡು ಬಂದಳು. ಅವಳಲ್ಲಿ ತಾಯಿಯ ಒಂದು ಫೋಟೋವೂ ಇರಲಿಲ್ಲ. ಖಾದರ್ ಅದನ್ನು ಗೋಣಿಯಲ್ಲಿ ಸುತ್ತಿ, ಟೊಮೇಟೊ ತರಲು ಹೊರಟಿದ್ದ ಲಾರಿಯಲ್ಲಿ ತಾನೇ ಮಡಿಲಲ್ಲಿಟ್ಟುಕೊಂಡು ರಾಯಲ್ಪಾಡಿಗೆ ಮುಟ್ಟಿಸಿ ಬಂದ. ಹಾರ ಬಿಗಿಯಾಗಿ ಕಟ್ಟಿದ್ದರೆಂದು ಬಂದು ನನಗೆ ವರದಿ ಕೊಟ್ಟ.

ನನಗೆ ಮಾಲೂರಿಗೆ ವರ್ಗವಾದಾಗ ಅವನು ನನ್ನನ್ನೂ ಬರೆದು ಕೊಟ್ಟ. ಬಿಳಿ ಟೋಪಿ, ಕೈಯಲ್ಲಿ ಥರ್ಮಾಮೀಟರ್, ಸುತ್ತ ಅದೇ ಲಾರಿ ಅಂಚು. ಹೊಸ ಮನೆಯಲ್ಲಿ ಜಾಗವಿಲ್ಲ ಎಂದುಕೊಂಡು ಟ್ರಂಕಿಗೆ ಹಾಕಿದೆ. ಆಮೇಲಿನ ಮನೆಗಳಲ್ಲಿ ಗೋಡೆಗಳಿಗೇನೂ ಬರವಿರಲಿಲ್ಲ. ಬೀದಿಯ ಜನರಿಗೆ ಅಂದು ತಿಳಿಹೇಳಿದ್ದ ಸಿಸ್ಟರಮ್ಮನಿಗೆ ತನ್ನ ಪಟಕ್ಕೆ ಮೊಳೆ ಹೊಡೆಯಲು ಕೈ ಬಂದಿರಲಿಲ್ಲ, ಅಷ್ಟೇ.

ಸುಮ ಸೀರೆ ಹರವಿ ಬಂದಳು. ಸುತ್ತಿಗೆ ತರಿಸಿದೆ. ಅವಳು ಸ್ಟೂಲು ಹತ್ತಿ ಮೊಳೆ ಹೊಡೆದು ತಗಡನ್ನು ತೂಗುಹಾಕಿದಳು.

"ಎಡಗಡೆ ಕೆಳಗಿದೆ, ಮೇಲೆತ್ತು" ಎಂದೆ.

ಎತ್ತಿದಳು. ಅನುಮಾನಿಸುತ್ತಾ ಕೇಳಿದಳು: "ಬಂದವರು ಏನಾದ್ರೂ ಅಂದ್ಕೊಂಡ್ರೆ?"

ನನ್ನ ಕುರ್ಚಿಯನ್ನು ಕಿಟಕಿಯ ಬಳಿಯಿಂದ ಎಳೆದು ಪಟದ ಕೆಳಗೆ ಹಾಕಿಕೊಂಡು ಕೂತೆ. ಹುಣಸೆಹಣ್ಣಿನ ಬೀಜ ಬಿಡಿಸುವುದೊಂದು ಬಾಕಿಯಿತ್ತು. ಮೊರ ಮಡಿಲಿಗೆ ತೆಗೆದುಕೊಂಡು, ಊಟದ ಹೊತ್ತಿಗೆ ಅದನ್ನೂ ಮುಗಿಸಿದೆ.