ಗೋಡೆಗೆ ಒಲ್ಲದ ಕತ್ತಿ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಒಂದು ಏಟು ಬಿದ್ದರೆ ಇನ್ನೊಂದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಮುಂದೆ ಬಸ್ ಓಡಿಸುವ ಕೆಲಸ ಕೇಳಿಕೊಂಡು ಹೋದಾಗ, "ಹೆಂಗಸು ಈ ಸ್ಟೇರಿಂಗ್ ತಿರುಗಿಸ್ತಾಳಾ?" ಎಂದು ನಕ್ಕವರನ್ನೇ ಒಳಗೆ ಕೂರಿಸಿಕೊಂಡು ಡಿಪೋ ಸುತ್ತಿಸಿ ತಂದಳು. ತಲೆ ನರೆತರೂ ಸೀಟು ಬಿಡಲಿಲ್ಲ. ಕೊನೆಗೆ ಅವಳನ್ನು ಕೆಳಗಿಳಿಸಿದ್ದು ಡಿಪೋದ ನೆಲಕ್ಕೆ ಚೆಲ್ಲಿದ್ದ ಗ್ರೀಸು. ಜಾರಿ ಬಿದ್ದ ಏಟಿಗೆ ಬಲಭುಜದ ಮೂಳೆ ಮುರಿಯಿತು.

ಮೂಳೆಯೇನೋ ಕೂಡಿತು. ತೋಳು ಮಾತ್ರ ಹೆಗಲಿನ ಮೇಲಕ್ಕೆ ಏಳಲು ತಕರಾರು ತೆಗೆಯಿತು. ಡಾಕ್ಟರು ಬಸ್ ಬೇಡವೆಂದರು, ಮೇಲಿನವರು ಅವಳನ್ನು ಪ್ರಯಾಣಿಕರು ಮರೆತ ಸಾಮಾನುಗಳ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಕಪಾಟಿನ ತುಂಬ ಛತ್ರಿಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲುಸೆಟ್ಟು.

"ನನ್ನನ್ನೂ ಯಾರೋ ಸೀಟಿನ ಕೆಳಗೆ ಬಿಟ್ಟು ಇಳಿದು ಹೋದ ಹಾಗಿದೆ ಅತ್ತಿಗೆ," ಎಂದಳು ಒಂದು ಸಂಜೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಮಹಡಿ ಕೋಣೆಯಲ್ಲೇ ಅವಳ ವಾಸ. ಅತ್ತಿಗೆ ಬೆನ್ನು ಸವರಿದಳು.

ತೋಳಿಗೆ ವ್ಯಾಯಾಮ ಮಾಡಿಸುವವರು ದಿನವೂ ರಬ್ಬರ್ ಪಟ್ಟಿ ಎಳೆಯಲು ಹೇಳಿದ್ದರು. ಎಳೆದೆಳೆದು ಅವಳಿಗೆ ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ಹಿಂದಿನ ಬೀದಿಯ ಶಾಲೆಯ ಹಾಲಿನಲ್ಲಿ ಸಂಜೆ ಹೊತ್ತು ಕತ್ತಿವರಸೆ ಹೇಳಿಕೊಡುತ್ತಾರೆಂದು ಗೊತ್ತಾಯಿತು. ಉತ್ತರದ ಚಳಿಗಡಲಿನಲ್ಲಿ ದೋಣಿ ಹತ್ತಿ ಓಡಾಡುತ್ತಿದ್ದ ವೈಕಿಂಗರ ವರಸೆಯಂತೆ. ಒಂದು ಕೈಲಿ ಗುಂಡನೆಯ ಮರದ ಗುರಾಣಿ, ಇನ್ನೊಂದರಲ್ಲಿ ಕತ್ತಿ. ನೋಡಿಬರೋಣವೆಂದು ಹೋದವಳು ಬೆವರಿನಲ್ಲಿ ತೊಯ್ದು ಬಂದಳು. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ. ಮರದ ಕತ್ತಿ ಬೀಸುತ್ತ ಬೀಸುತ್ತ ತೋಳು ಹೆಗಲು ದಾಟಿ ಕಿವಿಯ ತನಕ ಬಂತು.

ಜೊತೆಯವರು ಒಬ್ಬೊಬ್ಬರಾಗಿ ಉಕ್ಕಿನ ಕತ್ತಿಗೆ ಏರಿದರು. ಹೆಸರಾಂತ ಕಮ್ಮಾರರು ಮಾಡಿದ ಕತ್ತಿಗಳು ಅವಳ ಕೈಗೆಟುಕುವಂಥವಲ್ಲ. ವಾರಗಟ್ಟಲೆ ಫೋನಿನಲ್ಲಿ ಹುಡುಕಿ, ಇದ್ದುದರಲ್ಲಿ ಅಗ್ಗದ ಒಂದು ನಕಲು ಕತ್ತಿಯನ್ನು ತರಿಸಿಕೊಂಡಳು.

ಪೆಟ್ಟಿಗೆ ಒಡೆದದ್ದು ಊಟದ ಮೇಜಿನ ಮೇಲೆ. ಕನ್ನಡಕದ ಅಂಗಡಿ ಇಟ್ಟಿದ್ದ ಅಣ್ಣನಿಗೆ ಯಾವ ವಸ್ತುವನ್ನಾದರೂ ಮೂಗಿನ ತುದಿಗೆ ಹಿಡಿದು ನೋಡುವ ಚಾಳಿ. ಹೆಬ್ಬೆರಳಿನಿಂದ ಅಂಚನ್ನು ಸವರಿ, "ಇದು ಮೊಂಡು ಕಣೇ! ಬದನೆಕಾಯಿ ಕೂಡ ಕುಯ್ಯಲ್ಲ," ಎಂದ.

"ಮೊಂಡೇ ಇರ್ಬೇಕು ಅಣ್ಣ. ಅಭ್ಯಾಸದ ಕತ್ತಿ ಹರಿತ ಇದ್ರೆ ಎದುರಿಗೆ ನಿಂತವರ ಗತಿ?"

"ಮೊಂಡಿಗೆ ತಕ್ಕ ಮೊಂಡು," ಎಂದು ಅತ್ತಿಗೆ ನಕ್ಕಳು.

"ಈ ಹಿಡಿ ನೋಡು, ನನ್ನ ಕೈಯೇ ಹಿಡಿಸ್ತಿಲ್ಲ," ಎಂದ ಅಣ್ಣ. "ನಿಂಗೆ ಮಕ್ಕಳದ್ದು ಕಳಿಸಿದ್ದಾರೆ."

"ವೈಕಿಂಗರ ಕತ್ತಿಗಳ ಹಿಡಿ ಇರೋದೇ ಗಿಡ್ಡ. ಮೇಲೆ ಅಡ್ಡಪಟ್ಟಿ, ಕೆಳಗೆ ಈ ಗುಂಡು, ನಡುವೆ ಕೈ ಕಚ್ಚಿಕೊಂಡು ಕೂತ್ಕೊಬೇಕು. ಕೊಡು ಇಲ್ಲಿ." ಅವಳ ಕೈ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಅಣ್ಣ ಸೋಲುವ ಕುಳವಲ್ಲ. ಮರುದಿನವೇ ನಡುಮನೆಯ ಗೋಡೆಗೆ ದಪ್ಪ ಮೊಳೆ ಹೊಡೆದ. "ಅಂದಕ್ಕೆ ಮಾಡಿದ್ದು ಅಂದವಾಗಿ ಇರ್ಲಿ. ಆ ತೋಳು ಇನ್ನೊಂದು ಸಲ ಮುರಿದ್ರೆ ನೋಡ್ಕೊಳ್ಳೋರು ಯಾರು?"

"ನಾನು ಹೇಳೋ ತನಕ ಇದನ್ನ ಗೋಡೆಗೆ ಹಾಕೋ ಹಾಗಿಲ್ಲ," ಎಂದು ಅವಳು ಕತ್ತಿಯನ್ನು ಮಹಡಿಗೆ ಒಯ್ದಳು.

ಹಾಗೆಂದು ಅವಳು ಕುರುಡಾಗಿ ನಂಬಿದವಳೂ ಅಲ್ಲ. ಬಸ್ ಹೊರಡಿಸುವ ಮೊದಲು ಟೈರು ಒದ್ದು, ಬ್ರೇಕು ತುಳಿದು ನೋಡುತ್ತಿದ್ದ ಕಾಲು ಅದು. ಬಾಗಿಲು ಹಾಕಿಕೊಂಡು ಕತ್ತಿಯನ್ನು ಒಂದೇ ಬೆರಳಿನ ಮೇಲೆ ತೂಗಿದಳು. ಅಡ್ಡಪಟ್ಟಿಯ ಹತ್ತಿರ ನಿಲ್ಲಬೇಕಾದ ಸಮತೂಕ ಒಂದು ಗೇಣು ಮುಂದೆ ಹೋಗಿ ನಿಂತಿತು. ಎಂದರೆ ಮೂತಿ ಭಾರ, ಬೀಸಿದರೆ ಕೈಯನ್ನು ಎಳೆದುಕೊಂಡು ಹೋಗುವ ಜಾತಿ. ಅಲಗನ್ನು ಕಣ್ಣಿಗೆ ನೇರವಾಗಿ ಹಿಡಿದಳು, ಎಲ್ಲೂ ಸೊಟ್ಟವಿರಲಿಲ್ಲ. ತೂಕ ಇಳಿಸಲೆಂದು ಅಲಗಿನ ನಡುವೆ ತೋಡಿದ ಕಾಲುವೆ ಒಂದು ಮಗ್ಗುಲಲ್ಲಿ ಆಳ, ಇನ್ನೊಂದರಲ್ಲಿ ತೇಲು. ಹಿಡಿಯ ಬುಡದ ಗುಂಡನ್ನು ಅಂಗೈಯಿಂದ ತಟ್ಟಿದಾಗ ಒಳಗೆಲ್ಲೋ ಕಿಟಿಕಿಟಿ ಎಂದಿತು. ಆ ಸದ್ದು ಅವಳಿಗೆ ಹಿಡಿಸಲಿಲ್ಲ.

ಉಕ್ಕಿನ ಕತ್ತಿ ಯಾವುದೇ ಆಗಲಿ, ವರಸೆ ಕಲಿಸುವ ಗುರುಗಳು ಪರೀಕ್ಷೆ ಮಾಡದೆ ಹಾಲಿನೊಳಗೆ ಬಿಡುತ್ತಿರಲಿಲ್ಲ. ಅವಳಿಗಿಂತ ತುಂಬ ಕಿರಿಯರು, ಬೆಳಿಗ್ಗೆ ಅದೇ ಶಾಲೆಯಲ್ಲಿ ಆಟದ ಮೇಷ್ಟ್ರು. ಕತ್ತಿಯ ತುದಿಯನ್ನು ಮರದ ಹಲಗೆಗೆ ಊರಿ ಬಿಲ್ಲಿನಂತೆ ಬಗ್ಗಿಸಿದರು. ಬಿಟ್ಟ ಕೂಡಲೇ ಅಲಗು ನೆಟ್ಟಗಾಯಿತು. "ಉಕ್ಕು ಪರವಾಗಿಲ್ಲ ಅಕ್ಕ," ಎಂದು ಅಂಗಳದ ಕಂಬಕ್ಕೆ ಕಟ್ಟಿದ್ದ ಹಳೆ ಟೈರು ತೋರಿಸಿದರು. "ಈಗ ನೀವೇ ಹೊಡೀರಿ."

ಹೊಡೆದಳು. ಕೆಲವು ಏಟಿನಲ್ಲೇ ಹಿಡಿ ಸಡಿಲಿ, ಅಡ್ಡಪಟ್ಟಿ ಬಳೆಯ ಹಾಗೆ ಅಲ್ಲಾಡತೊಡಗಿತು. ಗುರುಗಳು ಕೈ ಅಡ್ಡ ಹಿಡಿದರು.

"ಸಾಕು. ಇದು ಹಿಡಿಯಿಂದ ಹಾರಿದ್ರೆ ಒಬ್ಬರ ಕಣ್ಣು ಹೋಗುತ್ತೆ. ವಾಪಸ್ ಕಳಿಸಿ, ಇಲ್ಲ ಮನೇಲಿ ಅಲಂಕಾರಕ್ಕಿಡಿ. ಬೇಕಾದಾಗ ನನ್ನದು ತಗೊಳ್ಳಿ."

"ವಾಪಸ್ ಕಳಿಸಿದ್ರೆ ಇಂಥದ್ದೇ ಇನ್ನೊಂದು ಬರುತ್ತೆ. ಎರವಲು ಕತ್ತೀಲಿ ನಂಗೆ ಕೈ ಬರಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅವಳು ತಿರುಗಿದಳು. "ನೆಲ ಡೊಂಕಿರೋದು ಎಲ್ರಿಗೂ ಕಾಣ್ತಾ ಇದೆಯಲ್ಲಪ್ಪ. ಮೊದ್ಲು ಅದನ್ನ ನೆಟ್ಟಗೆ ಮಾಡ್ತೀನಿ. ಆಮೇಲೆ ಕುಣಿಯೋದು ನೋಡುವಂತೆ." ಗುರುಗಳತ್ತ ನೋಡಿ, "ಸರಿ ಮಾಡಿ ತಂದ್ರೆ ಇನ್ನೊಂದು ಸಲ ನೋಡ್ತೀರಾ?" ಎಂದಳು.

"ಇಷ್ಟೇ ಕಟ್ಟುನಿಟ್ಟಾಗಿ ನೋಡ್ತೀನಿ."

"ಅದಕ್ಕಿಂತ ಜಾಸ್ತಿ ನೋಡಿ."

ಮರುದಿನ ಡಿಪೋದ ಊಟದ ಬಿಡುವಿನಲ್ಲಿ ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ವೆಲ್ಡರ್ ಹತ್ತಿರ ಹೋದಳು. ಅವಳ ಬಸ್ಸಿನ ಮೆಟ್ಟಿಲುಗಳನ್ನು ಎಷ್ಟೋ ಸಲ ಬೆಸೆದುಕೊಟ್ಟ ಹಳೆಯ ಗೆಳೆಯ. ಬಾಯಿಗೆ ಬರುತ್ತಿದ್ದ ತುತ್ತನ್ನು ಡಬ್ಬಿಗೆ ಇಳಿಸಿ, "ಯಾರ ಮೇಲೆ ಸಿಟ್ಟು?" ಎಂದು ಕೇಳಿದ.

"ಸದ್ಯಕ್ಕೆ ಈ ಹಿಡಿ ಮೇಲೆ."

"ಇಷ್ಟೇನಾ! ಒಂದು ಚುಕ್ಕೆ ವೆಲ್ಡಿಂಗ್ ಇಟ್ರೆ ಜನ್ಮದಲ್ಲಿ ಅಲ್ಲಾಡಲ್ಲ."

"ಬೇಡಪ್ಪ. ಅಷ್ಟು ಕಾಯಿಸಿದ್ರೆ ಉಕ್ಕಿನ ಹದ ಹೋಗಿ ಅಲ್ಲೇ ಪಟ್ಟಂತ ಮುರಿಯುತ್ತೆ ಅಂತ ಗುರುಗಳು ಹೇಳಿದ್ದಾರೆ."

ಇಬ್ಬರೂ ಸೇರಿ ಗುಂಡನ್ನು ಬಿಚ್ಚಿದರು. ಅಲಗಿನ ಬಾಲ ಹಿಡಿಯೊಳಗೆ ಉದ್ದಕ್ಕೂ ಹಾದು ಬಂದಿತ್ತು, ಗಟ್ಟಿಯಾಗಿಯೂ ಇತ್ತು. ಆದರೆ ಮರದಲ್ಲಿ ಕೊರೆದ ತೂತು ಅತಿ ಅಗಲ. ಸಂದಿಗೆ ಅಂಟು ಸುರಿದು ಕೈತೊಳೆದುಕೊಂಡಿದ್ದರು, ಆ ಅಂಟೇ ಈಗ ಪುಡಿಯಾಗಿ ಉದುರುತ್ತಿತ್ತು. "ಎಲುಬು ಚೆನ್ನಾಗಿದೆ, ಬಟ್ಟೆ ದೊಗಳೆ," ಎಂದ ವೆಲ್ಡರ್.

ಗಟ್ಟಿ ಮರದ ಚಕ್ಕೆಗಳನ್ನು ಅವಳು ತಾನೇ ಕುಳಿತು ಉಜ್ಜಿದಳು. ಎರಡು ಚಕ್ಕೆ ಸೀಳಿದವು, ಒಂದು ಬೆರಳಿಗೆ ಚುಚ್ಚಿತು. ಹೆಗಲು ಉರಿಯತೊಡಗಿದಾಗ ಎಡಗೈಗೆ ಬದಲಾಯಿಸಿಕೊಂಡಳು. ಕೊನೆಗೆ ಚಕ್ಕೆಗಳನ್ನು ಸಂದಿಗೆ ಬಿಗಿಯಾಗಿ ಕೂರಿಸಿ, ಹಿಡಿ ಏರಿಸಿ, ಗುಂಡು ತೊಡಿಸಿದರು. ವೆಲ್ಡರ್ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹೊರಗಿಣುಕಿದ ಬಾಲದ ತುದಿಯನ್ನಷ್ಟೇ ಕಾಯಿಸಿದ. ಸುತ್ತಿಗೆ ಹಿಡಿದವಳು ಅವಳು. ತುದಿ ಅಣಬೆಯ ತಲೆಯ ಹಾಗೆ ಅರಳಿ ಗುಂಡನ್ನು ಕಚ್ಚಿಕೊಂಡಿತು. ತಟ್ಟಿದರೆ ಈಗ ಒಂದೇ ದನಿ, ಠಣ್!

ಮನೆಯಲ್ಲಿ ಅಣ್ಣನ ಮೊಳೆ ಕಾಯುತ್ತಲೇ ಇತ್ತು. ಅತ್ತಿಗೆ ಅದಕ್ಕೆ ತರಕಾರಿ ಚೀಲ ನೇತುಹಾಕಿ, "ಮೊಳೆ ದಂಡ ಆಗಬಾರದಲ್ಲ," ಎಂದಳು. ಅಣ್ಣ ಪೇಪರು ಮುಖಕ್ಕೆ ಅಡ್ಡ ಹಿಡಿದ.

ಎರಡನೇ ಪರೀಕ್ಷೆಗೆ ಹಾಲಿನಲ್ಲಿದ್ದವರೆಲ್ಲ ಅಂಗಳಕ್ಕೆ ಬಂದರು. ಅವಳು ಟೈರಿನ ಮುಂದೆ ನಿಂತು ಬಲದಿಂದ, ಎಡದಿಂದ, ಮೇಲಿನಿಂದ ಬೀಸಿದಳು. ಮೂತಿ ಭಾರದ ಕತ್ತಿ ಪ್ರತಿ ಏಟಿಗೂ ತೋಳನ್ನು ಜಗ್ಗಿತು. ಅವಳು ಜಗ್ಗಿದ ಕಡೆಗೇ ಹೆಜ್ಜೆ ಹಾಕಿ, ಸೊಂಟದಿಂದ ತಿರುಗಿಸಿ ವಾಪಸು ತಂದಳು, ಇಕ್ಕಟ್ಟಿನ ಬೀದಿಯಲ್ಲಿ ಉದ್ದನೆಯ ಬಸ್ಸನ್ನು ತಿರುಗಿಸಿದ ಹಾಗೆ. ಗುರುಗಳು ಸಾಕೆಂದ ಮೇಲೂ ಇನ್ನಷ್ಟು ಹೊಡೆದೇ ನಿಂತಳು.

ಅವರು ಕತ್ತಿ ಇಸಿದುಕೊಂಡು ಅಲ್ಲಾಡಿಸಿದರು, ತಟ್ಟಿದರು, ಬಗ್ಗಿಸಿದರು. ಅಂಚಿನ ಮೇಲೆ ಬೆರಳೆಳೆದರು. "ಹಿಡಿ ಗಟ್ಟಿ. ಒಳಗೆ ತರಬಹುದು. ಆದ್ರೆ ನಿಜ ಹೇಳ್ಬೇಕು ಅಂದ್ರೆ ಅಕ್ಕ, ಒಳ್ಳೆ ಕತ್ತಿ ಅಲ್ಲ ಇದು. ತೂಕ ಎಲ್ಲೋ ಇದೆ, ಕೈ ಎಲ್ಲೋ ಇದೆ."

"ನಂಗೂ ಗೊತ್ತು. ಎತ್ತೋಳು ನಾನು ತಾನೇ? ಭಾರ ನಂಗಿರ್ಲಿ."

ಆ ತಿಂಗಳೇ ಬಸ್ ಓಡಿಸಲು ಮತ್ತೆ ಅವಕಾಶ ಕೇಳಿದಳು. ಡಾಕ್ಟರು ತೋಳೆತ್ತಿಸಿ ನೋಡಿ ಹುಬ್ಬೇರಿಸಿದರು, ಆದರೂ ಆಗದು ಎಂದರು. "ಮುಂದಿನ ವರ್ಷ ಬರ್ತೀನಿ," ಎಂದು ಎದ್ದು ಬಂದಳು. ಸಂಜೆ ಎಂದಿನಂತೆ ಹಾಲಿಗೆ ಹೋದಳು.

ಅಂದು ಅವಳಿಗೆ ಜೋಡಿ ಬಿದ್ದವನು ಹೊಸಬ, ಬಾಗಿಲ ತುಂಬ ಬರುವ ಆಳು. ತಲೆಗಾಪು ಹಾಕಿಕೊಳ್ಳುತ್ತ ಮರ್ಯಾದೆಯಿಂದಲೇ ಹೇಳಿದ: "ಭಯಪಡಬೇಡಿ ಅಮ್ಮ, ನಾನು ಮೆಲ್ಲಗೆ ಹೊಡಿತೀನಿ."

"ನೀನು ಮೆಲ್ಲಗೇ ಹೊಡಿಯಪ್ಪ," ಎಂದು ಅವಳು ಗುರಾಣಿ ಎತ್ತಿದಳು. "ನಾನು ಹೇಗೆ ಹೊಡಿತೀನೋ ಹಾಗೇ ಹೊಡಿತೀನಿ."